ಪೆಟ್ರೋಲೂ ಬೇಕು, ಸರೋವರವೂ ಬೇಕು: ವೈಟಿಂಗ್ ರಿಫೈನರಿಯ ನೀರಿನ ಲೆಕ್ಕ

ಅಮೆರಿಕದ ಇಂಡಿಯಾನಾ ರಾಜ್ಯದ ವೈಟಿಂಗ್ ಪಟ್ಟಣದಲ್ಲಿ, ಮಿಶಿಗನ್ ಸರೋವರದ ದಂಡೆಗೆ ಅಂಟಿಕೊಂಡೇ ಒಂದು ತೈಲ ಶುದ್ಧೀಕರಣಾಗಾರ ಇದೆ. 1889ರಲ್ಲಿ ಸ್ಟಾಂಡರ್ಡ್ ಆಯಿಲ್ ಕಂಪನಿ ಶುರು ಮಾಡಿದ್ದು, ಈಗ ಬಿಪಿ ಕಂಪನಿಯ ಕೈಯಲ್ಲಿದೆ. ದಿನಕ್ಕೆ ಸುಮಾರು 4.35 ಲಕ್ಷ ಬ್ಯಾರೆಲ್, ಅಂದರೆ ಹೆಚ್ಚುಕಡಿಮೆ 7 ಕೋಟಿ ಲೀಟರ್ ಕಚ್ಚಾ ತೈಲ ಇಲ್ಲಿ ಪೆಟ್ರೋಲ್, ಡೀಸೆಲ್, ವಿಮಾನ ಇಂಧನ, ಡಾಂಬರು ಆಗಿ ಹೊರಬರುತ್ತದೆ. ಅದೇ ಸರೋವರದ ನೀರನ್ನು ಶಿಕಾಗೊ ಮತ್ತು ಅದರ ಸುತ್ತಲಿನ ಊರುಗಳ ಸುಮಾರು 50 ಲಕ್ಷ ಜನ ಕುಡಿಯುತ್ತಾರೆ.

ನದಿಯ ದಂಡೆಯ ಕಾರ್ಖಾನೆಗೂ ಸರೋವರದ ದಂಡೆಯ ಕಾರ್ಖಾನೆಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ನದಿಗೆ ಬಿಟ್ಟದ್ದು ಮಳೆಗಾಲ ಬಂದರೆ ಕೊಚ್ಚಿಕೊಂಡು ಹೋಗುತ್ತದೆ. ಮಿಶಿಗನ್ ಸರೋವರದ ನೀರು ಒಮ್ಮೆ ಪೂರ್ತಿ ಬದಲಾಗಲು 60ರಿಂದ 100 ವರ್ಷ ಬೇಕು ಎಂಬುದು ವಿಜ್ಞಾನಿಗಳ ಅಂದಾಜು. ಕರಗದ, ಕೊಳೆಯದ ವಸ್ತು ಒಳಗೆ ಹೋದರೆ ಅದು ಮೊಮ್ಮಕ್ಕಳ ಕಾಲದವರೆಗೂ ಅಲ್ಲೇ ಇರುತ್ತದೆ, ಮೀನಿನ ಮೈಯಲ್ಲಿ ಇನ್ನೂ ಗಟ್ಟಿಯಾಗಿ.

ಹಾಗಂತ ರಿಫೈನರಿಯನ್ನು ಮುಚ್ಚಿ ಎಂದು ಹೇಳುವುದು ಸುಲಭವಲ್ಲ. 2015ರ ಆಗಸ್ಟ್‌ನಲ್ಲಿ ಇಲ್ಲಿನ ದೊಡ್ಡ ಕ್ರೂಡ್ (ಕಚ್ಚಾ ತೈಲ) ಘಟಕವೊಂದು ಸೋರಿಕೆಯಿಂದ ನಿಂತಾಗ ಶಿಕಾಗೊ ಸುತ್ತಮುತ್ತ ಪೆಟ್ರೋಲ್ ಬೆಲೆ ರಾತ್ರೋರಾತ್ರಿ ಜಿಗಿಯಿತು. 2022ರ ಆಗಸ್ಟ್‌ನಲ್ಲಿ ವಿದ್ಯುತ್ ಬೆಂಕಿಯಿಂದ ರಿಫೈನರಿ ಸ್ಥಗಿತವಾದಾಗ ಇಲಿನಾಯ್, ಇಂಡಿಯಾನಾ, ಮಿಶಿಗನ್, ವಿಸ್ಕಾನ್ಸಿನ್ ಈ ನಾಲ್ಕು ರಾಜ್ಯಗಳಿಗೆ ಬೇಸಿಗೆಯಲ್ಲಿ ಕಡಿಮೆ ಆವಿಯಾಗುವ ಪೆಟ್ರೋಲನ್ನೇ ಮಾರಬೇಕೆಂಬ ನಿಯಮದಿಂದ ತುರ್ತು ವಿನಾಯಿತಿ ಕೊಡಬೇಕಾಯಿತು. ಒಂದೇ ಕಾರ್ಖಾನೆಗೆ ಇಷ್ಟು ತೂಕ. ಅದಕ್ಕೇ "ಇಂಧನವೋ ಸರೋವರವೋ" ಎಂದು ಕೇಳುವ ಬದಲು, ಯಾವ ಕೊಳೆ ಯಾವ ಪೈಪಿನಿಂದ ಬರುತ್ತದೆ, ಅದನ್ನು ಎಲ್ಲಿ ತಡೆಯಬಹುದು ಎಂದು ಕೇಳುವುದು ಉಪಯೋಗದ ಮಾತು.

2007ರ ಜಗಳ

ಬಿಪಿ ಸುಮಾರು 400 ಕೋಟಿ ಡಾಲರ್ ಖರ್ಚಿನಲ್ಲಿ ವೈಟಿಂಗ್ ಅನ್ನು ಬದಲಾಯಿಸಲು ಹೊರಟಿತು. ಉದ್ದೇಶ, ಕೆನಡಾದ ಆಲ್ಬರ್ಟಾದ ಮರಳಿನಿಂದ ತೆಗೆದ ಭಾರವಾದ, ಅಗ್ಗದ ಕ್ರೂಡ್ ಅನ್ನು ಹೆಚ್ಚು ಪ್ರಮಾಣದಲ್ಲಿ ಸಂಸ್ಕರಿಸುವುದು. ಭಾರದ ಕ್ರೂಡ್‌ನಲ್ಲಿ ಗಂಧಕ, ಸಾರಜನಕ, ಲೋಹಗಳು, ಮಣ್ಣಿನ ಕಣಗಳು ಎಲ್ಲವೂ ಜಾಸ್ತಿ. ಇಂಡಿಯಾನಾ ರಾಜ್ಯದ ಪರಿಸರ ಇಲಾಖೆ ಕೊಟ್ಟ ಹೊಸ ಪರವಾನಗಿಯಲ್ಲಿ ಸರೋವರಕ್ಕೆ ಬಿಡಬಹುದಾದ ಅಮೋನಿಯಾ ದಿನಕ್ಕೆ 1,030 ಪೌಂಡ್‌ನಿಂದ 1,584 ಪೌಂಡ್‌ಗೆ (ಸುಮಾರು 720 ಕಿಲೊ), ತೇಲುವ ಘನಕಣಗಳು 3,646ರಿಂದ 4,925 ಪೌಂಡ್‌ಗೆ (ಸುಮಾರು 2,230 ಕಿಲೊ) ಏರಿದವು. ಶೇ 54 ಮತ್ತು ಶೇ 35ರ ಹೆಚ್ಚಳ.

ಶಿಕಾಗೊ ಕಡೆಯಿಂದ ದೊಡ್ಡ ವಿರೋಧ ಎದ್ದಿತು. ಅಮೆರಿಕ ಸಂಸತ್ತಿನ ಕೆಳಮನೆ ಭಾರೀ ಬಹುಮತದಿಂದ ಖಂಡನಾ ನಿರ್ಣಯ ಮಾಡಿತು. ಆ ಆಗಸ್ಟ್‌ನಲ್ಲಿ ಬಿಪಿ, ಹೊಸ ಮಿತಿ ಕೈಯಲ್ಲಿದ್ದರೂ ಹಳೆಯ ಮಿತಿಯೊಳಗೇ ನಡೆಯುತ್ತೇವೆ ಎಂದು ಮಾತು ಕೊಟ್ಟಿತು. ಯೋಜನೆ ನಿಲ್ಲಲಿಲ್ಲ, ಗಾತ್ರವೂ ಕುಗ್ಗಲಿಲ್ಲ, 2013ರಲ್ಲಿ ಮುಗಿಯಿತು. ಹೆಚ್ಚು ಕೊಳೆ ಬಿಡದಿದ್ದರೆ ಹೆಚ್ಚು ಭಾರದ ಕ್ರೂಡ್ ಸಾಧ್ಯವಿಲ್ಲ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು. ಅದಕ್ಕೆ ಬೇಕಿದ್ದದ್ದು ದುಡ್ಡು, ಜಾಗ ಮತ್ತು ಒಳಗಿನ ಒಂದೆರಡು ಘಟಕಗಳನ್ನು ಚೆನ್ನಾಗಿ ನಡೆಸುವ ಶಿಸ್ತು.

ಆ ಘಟಕಗಳು ಯಾವುವು ಎಂಬುದೇ ಇಡೀ ವಿಷಯದ ತಿರುಳು.

ಕೊಳೆ ಹುಟ್ಟುವ ಜಾಗ

ಕ್ರೂಡ್ ಒಳಗೆ ಬಂದ ಕೂಡಲೇ ಡೀಸಾಲ್ಟರ್‌ಗೆ ಹೋಗುತ್ತದೆ. ಕ್ರೂಡ್‌ನಲ್ಲಿರುವ ಉಪ್ಪನ್ನು ತೊಳೆಯದಿದ್ದರೆ ಮುಂದಿನ ಕುಲುಮೆಯಲ್ಲಿ ಅದು ಒಡೆದು ಹೈಡ್ರೋಕ್ಲೋರಿಕ್ ಆಮ್ಲವಾಗಿ ಮೇಲಿನ ಪೈಪುಗಳನ್ನೇ ತಿನ್ನುತ್ತದೆ. ತೊಳೆಯುವ ವಿಧಾನ ಹೀಗಿದೆ: 120ರಿಂದ 150 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದ ಕ್ರೂಡ್‌ಗೆ ಅದರ ಶೇ 4ರಿಂದ 8ರಷ್ಟು ನೀರು ಬೆರೆಸಿ, ಮಿಕ್ಸಿಂಗ್ ವಾಲ್ವ್ ಮೂಲಕ ನುಗ್ಗಿಸಿ, ದೊಡ್ಡ ಸಿಲಿಂಡರ್‌ನೊಳಗೆ ಸಾವಿರಾರು ವೋಲ್ಟ್‌ನ ವಿದ್ಯುತ್ ಕ್ಷೇತ್ರದಲ್ಲಿ ನಿಲ್ಲಿಸುತ್ತಾರೆ. ಸಣ್ಣ ನೀರಹನಿಗಳು ಒಂದಕ್ಕೊಂದು ಕೂಡಿ ದೊಡ್ಡದಾಗಿ, ಉಪ್ಪನ್ನು ಹೊತ್ತು ಕೆಳಗಿಳಿಯುತ್ತವೆ. ವೈಟಿಂಗ್‌ನಷ್ಟು ದೊಡ್ಡ ರಿಫೈನರಿಯಲ್ಲಿ ಶೇ 5 ಎಂದರೂ ದಿನಕ್ಕೆ ಸುಮಾರು 35 ಲಕ್ಷ ಲೀಟರ್ ಉಪ್ಪುನೀರು.

ಹಗುರ ಕ್ರೂಡ್ ಆದರೆ ಎಣ್ಣೆ ಮೇಲೆ, ನೀರು ಕೆಳಗೆ ಎಂದು ಗೆರೆ ಎಳೆದಂತೆ ಬೇರೆಯಾಗುತ್ತದೆ. ಭಾರದ ಕ್ರೂಡ್‌ನ ಸಾಂದ್ರತೆ ನೀರಿನದಕ್ಕೆ ಹತ್ತಿರ, ಜಿಗುಟೂ ಜಾಸ್ತಿ, ಜೊತೆಗೆ ಆಸ್ಫಾಲ್ಟೀನ್ ಎಂಬ ಡಾಂಬರಿನಂಥ ಅಂಶ ಮತ್ತು ಜೇಡಿ ಕಣಗಳು ಹನಿಗಳ ಸುತ್ತ ಪೊರೆ ಕಟ್ಟುತ್ತವೆ. ಆಗ ನಡುವೆ ಬೆಣ್ಣೆ ಬಿಡದ ಮಜ್ಜಿಗೆಯ ಹಾಗೆ ಒಂದು ಪದರ ನಿಲ್ಲುತ್ತದೆ, ಅತ್ತ ಎಣ್ಣೆಯೂ ಅಲ್ಲ, ಇತ್ತ ನೀರೂ ಅಲ್ಲ. ಕೆಲಸಗಾರರು ಇದನ್ನು ರ‍್ಯಾಗ್ ಲೇಯರ್ ಎನ್ನುತ್ತಾರೆ. ಅದು ದಪ್ಪವಾಗುತ್ತಾ ಬಂದು ಒಂದು ದಿನ ಉಪ್ಪುನೀರಿನ ಜೊತೆ ಕೆಳಗೆ ಜಾರಿದರೆ, ಸಂಸ್ಕರಣ ಘಟಕಕ್ಕೆ ಒಮ್ಮೆಗೇ ಎಣ್ಣೆಯ ಹೊಡೆತ. ತೊಟ್ಟಿಯ ತಳದ ಮಣ್ಣನ್ನು ನೀರಿನ ಜೆಟ್‌ನಿಂದ ತೊಳೆಯುವ ಹೊತ್ತಿನಲ್ಲೂ ಹೀಗೇ ಆಗುತ್ತದೆ. ಹೊಸ ಬಗೆಯ ಕ್ರೂಡ್‌ಗೆ ಬದಲಾಯಿಸಿದ ಮೊದಲ ಕೆಲವು ಗಂಟೆಗಳು, ಸ್ಲಾಪ್ ಆಯಿಲ್ (ಬೇರೆ ಬೇರೆ ಕಡೆಯಿಂದ ಒಟ್ಟುಮಾಡಿದ ಕೊಳಕು ಎಣ್ಣೆ) ಅನ್ನು ಮತ್ತೆ ಕ್ರೂಡ್‌ಗೆ ಬೆರೆಸಿದ ದಿನಗಳು, ಇವೆರಡೂ ಎಚ್ಚರ ಬೇಕಾದ ಸಮಯ. ಅನುಭವಿ ಆಪರೇಟರ್ ಡೀಸಾಲ್ಟರ್‌ನ ಬದಿಯ ಬೇರೆ ಬೇರೆ ಎತ್ತರದ ನಲ್ಲಿಗಳಿಂದ ಮಾದರಿ ಹಿಡಿದು ಗಾಜಿನ ಸೀಸೆಯಲ್ಲಿ ನೋಡುತ್ತಾನೆ: ನಡುವಿನ ನಲ್ಲಿಯಲ್ಲಿ ಕಂದು ಮಡ್ಡಿ ಹಿಂದಿನ ಪಾಳಿಗಿಂತ ಮೇಲೆ ಬಂದಿದ್ದರೆ, ಎಮಲ್ಷನ್ (ಎಣ್ಣೆ-ನೀರು ಬೇರೆಯಾಗದ ಮಿಶ್ರಣ) ಒಡೆಯುವ ರಾಸಾಯನಿಕ ಹೆಚ್ಚಿಸಬೇಕು ಅಥವಾ ಮಿಕ್ಸಿಂಗ್ ವಾಲ್ವ್‌ನ ಒತ್ತಡ ಇಳಿಸಬೇಕು. ಗಟ್ಟಿಯಾಗಿ ಬೆರೆಸಿದರೆ ಉಪ್ಪು ಚೆನ್ನಾಗಿ ಹೋಗುತ್ತದೆ, ಆದರೆ ಹನಿ ತೀರಾ ಸಣ್ಣದಾಗಿ ಬೇರೆಯಾಗುವುದೇ ಇಲ್ಲ.

ಎರಡನೆಯ ಮೂಲ, ಸಾರ್ ವಾಟರ್. ಕ್ರೂಡ್‌ನ ಗಂಧಕ ಮತ್ತು ಸಾರಜನಕವನ್ನು ಹೈಡ್ರೋಜನ್ ಹಾಕಿ ತೆಗೆದಾಗ ಅವು ಹೈಡ್ರೋಜನ್ ಸಲ್ಫೈಡ್ ಮತ್ತು ಅಮೋನಿಯಾ ಆಗುತ್ತವೆ. ಇವನ್ನು ನೀರಿನಿಂದ ತೊಳೆದಾಗ ಕೊಳೆತ ಮೊಟ್ಟೆ ವಾಸನೆಯ ಈ ನೀರು ಸಿಗುತ್ತದೆ. 2007ರ ಜಗಳದ ಅಮೋನಿಯಾ ಮುಖ್ಯವಾಗಿ ಹುಟ್ಟುವುದು ಇಲ್ಲಿ. ಇದನ್ನು ಎತ್ತರದ ಸ್ಟ್ರಿಪ್ಪರ್ ಗೋಪುರದಲ್ಲಿ ಕೆಳಗಿನಿಂದ ಹಬೆ ಹಾಯಿಸಿ ಶುದ್ಧ ಮಾಡುತ್ತಾರೆ. ಒಂದು ಘನ ಮೀಟರ್ ನೀರಿಗೆ 120ರಿಂದ 180 ಕಿಲೊ ಹಬೆ ಬೇಕು. ಚೆನ್ನಾಗಿ ನಡೆದರೆ ಸಲ್ಫೈಡ್ 10 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ ಹತ್ತು ಪಾಲಿಗಿಂತ) ಕೆಳಗೆ, ಅಮೋನಿಯಾ 30ರಿಂದ 50 ಪಿಪಿಎಂಗೆ ಇಳಿಯುತ್ತದೆ.

ಇಲ್ಲಿ ಕೆಡುವ ಬಗೆ ಎರಡು. ಒಂದಷ್ಟು ಅಮೋನಿಯಾ ಫಾರ್ಮಿಕ್ ಆಮ್ಲ, ಕ್ಲೋರೈಡ್, ಸಯನೈಡ್ ಸಂಯುಕ್ತಗಳ ಜೊತೆ ಉಪ್ಪಾಗಿ ಕಟ್ಟಿಕೊಂಡಿರುತ್ತದೆ. ಎಷ್ಟು ಹಬೆ ಕೊಟ್ಟರೂ ಏಳುವುದಿಲ್ಲ. ಅದನ್ನು ಬಿಡಿಸಲು ಗೋಪುರದ ಕೆಳ ತಟ್ಟೆಗಳ ಹತ್ತಿರ ಸ್ವಲ್ಪ ಕಾಸ್ಟಿಕ್ ಸೋಡಾ ಹಾಕುತ್ತಾರೆ. ಜಾಸ್ತಿ ಹಾಕಿದರೆ, ಅಥವಾ ಮೇಲಿನ ತಟ್ಟೆಗಳಲ್ಲೇ ಹಾಕಿದರೆ ಸಲ್ಫೈಡ್ ನೀರಿನಲ್ಲೇ ಉಳಿದುಬಿಡುತ್ತದೆ. ಎರಡನೆಯದು, ಗೋಪುರದ ತಲೆಯ ಪೈಪಿನ ಉಷ್ಣತೆ 80 ಡಿಗ್ರಿಗಿಂತ ಕೆಳಗಿಳಿದರೆ ಅಮೋನಿಯಂ ಲವಣ ಒಳಗೆ ಗಟ್ಟಿಯಾಗಿ ಕಟ್ಟಿಕೊಂಡು ದಾರಿ ಮುಚ್ಚುತ್ತದೆ. ವೈಟಿಂಗ್‌ನ ಚಳಿಗಾಲದಲ್ಲಿ ಆ ಪೈಪಿಗೆ ಹಬೆಯ ಕವಚ ಹಾಕದೆ ಗತ್ಯಂತರವಿಲ್ಲ.

ಸ್ಟ್ರಿಪ್ ಆದ ನೀರನ್ನು ಚರಂಡಿಗೆ ಬಿಡದೆ ಡೀಸಾಲ್ಟರ್‌ಗೆ ತೊಳೆಯುವ ನೀರಾಗಿ ಕೊಡುವುದು ಜಾಣತನದ ಪದ್ಧತಿ. ಸರೋವರದಿಂದ ಹೊಸ ನೀರು ಎತ್ತುವುದು ಉಳಿಯುತ್ತದೆ. ಅದರಲ್ಲಿರುವ ಫೀನಾಲ್ ಎಂಬ ವಿಷವಸ್ತುವಿನ ಬಹುಪಾಲು ಕ್ರೂಡ್‌ಗೇ ವಾಪಸು ಹೋಗುತ್ತದೆ. ಆದರೆ ಸ್ಟ್ರಿಪ್ಪರ್ ಸೋಮಾರಿಯಾಗಿ ಅಮೋನಿಯಾ ಜಾಸ್ತಿ ಉಳಿದರೆ ಪಿಎಚ್ 8 ದಾಟುತ್ತದೆ, ಡೀಸಾಲ್ಟರ್‌ನ ಮಡ್ಡಿ ಪದರ ಇನ್ನೂ ಬಿಗಿಯಾಗುತ್ತದೆ. ಒಂದು ಘಟಕದ ತಪ್ಪಿಗೆ ಇನ್ನೊಂದು ಘಟಕ ದಂಡ ಕಟ್ಟುತ್ತದೆ. ಕೊನೆಯ ಇಟಿಪಿಯಲ್ಲಿ (ಕೊಳೆನೀರು ಸಂಸ್ಕರಣ ಘಟಕದಲ್ಲಿ) ಎಲ್ಲವನ್ನೂ ಸರಿಮಾಡುತ್ತೇವೆ ಎಂಬ ರಿಫೈನರಿಗಳನ್ನು ನಂಬಬಾರದು ಎಂದು ನಮಗೆ ಅನ್ನಿಸುವುದು ಇದಕ್ಕೇ.

ಬ್ಯಾಕ್ಟೀರಿಯಾದ ಕೈಯಲ್ಲಿ

ಇಟಿಪಿಯ ಮೊದಲ ಹಂತಗಳನ್ನು ಬೇಗ ಹೇಳಿಬಿಡಬಹುದು. ಎಪಿಐ ಸೆಪರೇಟರ್ ಎಂಬ ಉದ್ದನೆಯ ತೊಟ್ಟಿಯಲ್ಲಿ 150 ಮೈಕ್ರಾನ್‌ಗಿಂತ ದೊಡ್ಡ ಎಣ್ಣೆ ಹನಿ ತಾನಾಗಿ ತೇಲುತ್ತದೆ. ಅದಕ್ಕಿಂತ ಸಣ್ಣವನ್ನು ಡಿಎಎಫ್ ತೊಟ್ಟಿಯಲ್ಲಿ, ಒತ್ತಡದಲ್ಲಿ ಗಾಳಿ ಕರಗಿಸಿ ಬಿಟ್ಟ ಸೂಕ್ಷ್ಮ ಗುಳ್ಳೆಗಳು ಮೇಲಕ್ಕೆತ್ತುತ್ತವೆ. ಆಮೇಲೆ ಗಾಳಿ ಊದುವ ಕೊಳ. ಇಲ್ಲಿ ಬ್ಯಾಕ್ಟೀರಿಯಾ ಉಳಿದ ಎಣ್ಣೆ ಮತ್ತು ಫೀನಾಲ್ ತಿನ್ನುತ್ತವೆ, ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ.

ಈ ಕೊನೆಯ ಕೆಲಸ ಮಾಡುವ ನೈಟ್ರಿಫೈಯಿಂಗ್ ಬ್ಯಾಕ್ಟೀರಿಯಾ ಬಹಳ ನಾಜೂಕು. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ 4.57 ಗ್ರಾಂ ಆಮ್ಲಜನಕ, ಸುಣ್ಣದಕಲ್ಲಿನ (ಕ್ಯಾಲ್ಸಿಯಂ ಕಾರ್ಬೊನೇಟ್) ಲೆಕ್ಕದಲ್ಲಿ 7.14 ಗ್ರಾಂ ಕ್ಷಾರ ಬೇಕು. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಆಸುಪಾಸು ಇರಬೇಕು. ಕ್ಷಾರ ಮುಗಿದರೆ ಪಿಎಚ್ ಕುಸಿದು ಕೆಲಸ ನಿಲ್ಲುತ್ತದೆ. ನೀರಿನ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಹೋದರೆ ಅವು ಮಂಕಾಗುತ್ತವೆ. ಡೀಸಾಲ್ಟರ್‌ನಿಂದ ಎಣ್ಣೆಯೋ ಸ್ಟ್ರಿಪ್ಪರ್‌ನಿಂದ ಸಲ್ಫೈಡೋ ಒಮ್ಮೆ ನುಗ್ಗಿದರೆ ಮೊದಲು ಸಾಯುವುದು ಇವೇ. ಇವುಗಳ ಬೆಳವಣಿಗೆ ನಿಧಾನ, ಆದ್ದರಿಂದ ಮತ್ತೆ ಪೂರ್ತಿ ಹಿಡಿಯಲು ವಾರಗಳೇ ಬೇಕು. ಅಷ್ಟು ದಿನ ಅಮೋನಿಯಾ ನೇರ ಹೊರಗೆ. ಈ ಕಾರಣಕ್ಕೆ ಇಟಿಪಿಗೆ ಮುಂಚೆ ಒಂದೆರಡು ದಿನದ ನೀರು ಹಿಡಿಯುವ ಖಾಲಿ ಟ್ಯಾಂಕ್ ಇರಲೇಬೇಕು. ಹೊಡೆತ ಬಂದಾಗ ಅದನ್ನು ಅಲ್ಲಿಗೆ ತಿರುಗಿಸಿ, ಆಮೇಲೆ ಸ್ವಲ್ಪಸ್ವಲ್ಪವೇ ಬಿಡಬಹುದು. ಖಾಲಿ ಟ್ಯಾಂಕ್‌ಗೆ ದುಡ್ಡು ಹಾಕಲು ಯಾವ ಆಡಳಿತ ಮಂಡಳಿಗೂ ಮನಸ್ಸಿರುವುದಿಲ್ಲ ಎಂಬುದು ಬೇರೆ ಮಾತು.

ಅಮೋನಿಯಾದ ವಿಷ ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಅದರ ಶೇ 1ಕ್ಕಿಂತ ಕಡಿಮೆ ಭಾಗ ಮಾತ್ರ ಮೀನಿಗೆ ವಿಷವಾಗುವ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಶೇ 5, ಪಿಎಚ್ 9ಕ್ಕೆ ಮೂರರಲ್ಲೊಂದು ಭಾಗ. ಬೇಸಿಗೆಯಲ್ಲಿ ಪಾಚಿ ಹೆಚ್ಚಾದ ದಂಡೆ ನೀರಿನ ಪಿಎಚ್ ಮಧ್ಯಾಹ್ನದ ಹೊತ್ತಿಗೆ ಏರುವುದರಿಂದ, ಬಿಟ್ಟ ಪ್ರಮಾಣ ಅಷ್ಟೇ ಇದ್ದರೂ ಅಪಾಯ ಬೇರೆ.

ಪಾದರಸ ಎಂಬ ತಲೆನೋವು

ಗ್ರೇಟ್ ಲೇಕ್ಸ್‌ಗಾಗಿ (ಮಿಶಿಗನ್ ಸೇರಿದ ಐದು ದೊಡ್ಡ ಸರೋವರಗಳಿಗಾಗಿ) 1995ರಲ್ಲಿ ತಂದ ನಿಯಮಗಳಲ್ಲಿ ಪಾದರಸದ ಮಿತಿ ಲೀಟರಿಗೆ 1.3 ನ್ಯಾನೊಗ್ರಾಂ. ನ್ಯಾನೊಗ್ರಾಂ ಎಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು. ದಿನಕ್ಕೆ 8 ಕೋಟಿ ಲೀಟರ್ ನೀರು ಹೊರಬಿಡುವ ರಿಫೈನರಿ ಎಂದು ಲೆಕ್ಕ ಹಾಕಿದರೆ, ಈ ಮಿತಿಯಲ್ಲಿ ವರ್ಷಕ್ಕೆ ಸರೋವರ ಸೇರುವ ಪಾದರಸ 38 ಗ್ರಾಂ. ಬಿಪಿಗೆ ಈ ಮಿತಿ ಮುಟ್ಟಲು ಆಗದೆ ವಿನಾಯಿತಿ ಕೇಳಿತು. ಮೊದಲು 23.1 ನ್ಯಾನೊಗ್ರಾಂಗೆ ಅವಕಾಶ ಸಿಕ್ಕಿತ್ತು. ಸಾರ್ವಜನಿಕ ಆಕ್ಷೇಪಗಳ ನಂತರ 2013ರ ಪರವಾನಗಿಯಲ್ಲಿ ಅದನ್ನು 8.75ಕ್ಕೆ ಇಳಿಸಿದರು. ಮೇಲಿನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 675 ಗ್ರಾಂನಿಂದ 255 ಗ್ರಾಂಗೆ.

ಅಷ್ಟಕ್ಕೆ ಇಷ್ಟೊಂದು ಗಲಾಟೆಯೇ ಎನ್ನಿಸಬಹುದು. ಪಾದರಸ ಕೆಸರಿನ ಬ್ಯಾಕ್ಟೀರಿಯಾದಿಂದ ಮೀಥೈಲ್ ರೂಪ ಪಡೆದು ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಹೋಗುತ್ತಾ ಲಕ್ಷಾಂತರ ಪಟ್ಟು ಗಟ್ಟಿಯಾಗುತ್ತದೆ. ಸರೋವರದ ನೀರು ಬೇಗ ಬದಲಾಗುವುದಿಲ್ಲ, ಹಾಗಾಗಿ ದೊಡ್ಡ ಜಲರಾಶಿಯಲ್ಲಿ ಕರಗಿಹೋಗುತ್ತದೆ ಎಂಬ ಸಮಾಧಾನಕ್ಕೆ ಇಲ್ಲಿ ಅರ್ಥವಿಲ್ಲ.

ಒಳ್ಳೆಯ ಸುದ್ದಿ ಎಂದರೆ ರಿಫೈನರಿ ನೀರಿನಲ್ಲಿ ಪಾದರಸದ ಹೆಚ್ಚಿನ ಭಾಗ ಕರಗಿರುವುದಿಲ್ಲ, ಸೂಕ್ಷ್ಮ ಕಣಗಳಿಗೆ ಅಂಟಿಕೊಂಡಿರುತ್ತದೆ. ಕಣ ಹಿಡಿದರೆ ಪಾದರಸ ಹಿಡಿದಂತೆ. ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯ ವೈಟಿಂಗ್‌ನ ನೀರಿನ ಮೇಲೆ ಸಣ್ಣ ಪ್ರಮಾಣದಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಅಲ್ಟ್ರಾಫಿಲ್ಟ್ರೇಷನ್ ಪೊರೆಗಳು 1.3ಕ್ಕಿಂತ ಕೆಳಗೆ ಇಳಿಸಿದವು. ಪ್ರಯೋಗದಲ್ಲಿ ಆಗುವುದೇ ಬೇರೆ, ದಿನಕ್ಕೆ ಕೋಟಿಗಟ್ಟಲೆ ಲೀಟರ್‌ಗೆ ಅದನ್ನು ಹಿಗ್ಗಿಸುವುದೇ ಬೇರೆ: ಎಣ್ಣೆಯ ಜಿಡ್ಡು ಪೊರೆಯ ರಂಧ್ರ ಮುಚ್ಚುತ್ತದೆ, ಹಿಂದಕ್ಕೆ ತೊಳೆದ ಕೊಳೆಯನ್ನು ಮತ್ತೆಲ್ಲೋ ವಿಲೇವಾರಿ ಮಾಡಬೇಕು. ಆದರೂ ಮೇಲೆ ಹೇಳಿದ ಘನಕಣಗಳ ಮಿತಿಯೂ ಪಾದರಸದ ಮಿತಿಯೂ ಒಂದೇ ಹೋರಾಟ ಎಂಬುದು ಇದರಿಂದ ಸ್ಪಷ್ಟವಾಯಿತು.

ದಿನದ ಕೊಳೆ ಒಂದು, ಅವಘಡ ಇನ್ನೊಂದು

2014ರ ಮಾರ್ಚ್ 24ರ ಸಂಜೆ ವೈಟಿಂಗ್‌ನ ದಂಡೆಯಲ್ಲಿ ಕಚ್ಚಾ ತೈಲ ತೇಲಿತು. ಕಂಪನಿಯ ಅಂದಾಜು 15ರಿಂದ 39 ಬ್ಯಾರೆಲ್. ಅದು ಇಟಿಪಿಯಿಂದ ಬಂದದ್ದಲ್ಲ. ಹೊಸದಾಗಿ ಬದಲಾಯಿಸಿದ ಕ್ರೂಡ್ ಘಟಕದಲ್ಲಿನ ದೋಷದಿಂದ ತೈಲ ತಂಪು ನೀರಿನ ಸಾಲಿಗೆ ಸೇರಿ, ಅಲ್ಲಿಂದ ಸರೋವರಕ್ಕೆ ಹೋಗಿತ್ತು. ನೀರು ಹೆಪ್ಪುಗಟ್ಟುವಷ್ಟು ತಣ್ಣಗಿದ್ದುದರಿಂದ ತೈಲ ಮೇಣದಂತೆ ಗಟ್ಟಿಯಾಗಿ, ಕೆಲಸಗಾರರು ಅದನ್ನು ದಡದಿಂದ ಕೈಯಲ್ಲೇ ಎತ್ತಿದರು.

ಇಲ್ಲಿ ಸರೋವರದ ನೀರನ್ನು ಒಮ್ಮೆ ಮಾತ್ರ ಯಂತ್ರಗಳ ಸುತ್ತ ಹಾಯಿಸಿ ವಾಪಸು ಬಿಡುವ ಪದ್ಧತಿಯಿದೆ. ಆ ನೀರು ತೈಲವನ್ನು ಮುಟ್ಟುವುದೇ ಇಲ್ಲ ಎಂಬ ನಂಬಿಕೆಯಿಂದ ಅದಕ್ಕೆ ಪೂರ್ತಿ ಸಂಸ್ಕರಣೆ ಇರುವುದಿಲ್ಲ. ಹೀಟ್ ಎಕ್ಸ್‌ಚೇಂಜರ್‌ನ ಒಂದು ಕೊಳವೆ ತೂತಾದರೆ ಆ ನಂಬಿಕೆ ಮುಗಿಯಿತು. ತಡೆಗೆ ಮೂರು ದಾರಿ: ನೀರಿನ ಒತ್ತಡವನ್ನು ತೈಲದ ಒತ್ತಡಕ್ಕಿಂತ ಮೇಲಿಡುವುದು, ಹೊರಹೋಗುವ ಕಾಲುವೆಯಲ್ಲಿ ಹೈಡ್ರೋಕಾರ್ಬನ್ ಪತ್ತೆ ಯಂತ್ರ ಮತ್ತು ತಕ್ಷಣ ಮುಚ್ಚುವ ಗೇಟ್ ಇಡುವುದು, ಇಲ್ಲವೇ ಕೂಲಿಂಗ್ ಟವರ್ ಕಟ್ಟಿ ನೀರನ್ನು ಸುತ್ತಿಸುವುದು. ಮೂರನೆಯದಕ್ಕೆ ಬೆಲೆಯಿದೆ: ಪ್ರತಿ 5.6 ಡಿಗ್ರಿ ತಂಪು ಮಾಡುವುದಕ್ಕೆ ಸುತ್ತುವ ನೀರಿನ ಸುಮಾರು ಶೇ 1 ಆವಿಯಾಗುತ್ತದೆ, ಉಳಿದದ್ದರಲ್ಲಿ ಲವಣ ಗಟ್ಟಿಯಾಗುತ್ತದೆ, ಅದನ್ನೂ ಆಗಾಗ ಹೊರಹಾಕಬೇಕು.

ಮಳೆಯದ್ದು ಇನ್ನೊಂದು ಲೆಕ್ಕ. ವೈಟಿಂಗ್ ಆವರಣ ಸುಮಾರು 1,400 ಎಕರೆ. ಅದರ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ 28 ಕೋಟಿ ಲೀಟರ್. ಅದೆಲ್ಲ ಎಣ್ಣೆ ಬಿದ್ದ ನೆಲದಿಂದ ಬಂದದ್ದಲ್ಲವಾದ್ದರಿಂದ, ಘಟಕಗಳ ಅಂಗಳದ ಮೊದಲ ಮಳೆನೀರನ್ನು ಬೇರೆ ಚರಂಡಿಯಲ್ಲಿ ಹಿಡಿದು, ಶುದ್ಧ ಚಾವಣಿ ನೀರನ್ನು ಅದಕ್ಕೆ ಸೇರಿಸದಿರುವುದು ಮುಖ್ಯ. ಹಳೆಯ ರಿಫೈನರಿಗಳಲ್ಲಿ ಎರಡೂ ಒಂದೇ ಪೈಪಿನಲ್ಲಿ ಸೇರಿರುತ್ತವೆ. ಅದನ್ನು ಬೇರ್ಪಡಿಸಲು ರಸ್ತೆ ಅಗೆಯಬೇಕು, ಘಟಕ ನಿಲ್ಲಿಸಬೇಕು.

ತೈಲ ಬರುವ ದಾರಿಯನ್ನೂ ಮರೆಯುವಂತಿಲ್ಲ. 2010ರ ಜುಲೈನಲ್ಲಿ ಮಿಶಿಗನ್ ರಾಜ್ಯದ ಮಾರ್ಷಲ್ ಬಳಿ ಎನ್‌ಬ್ರಿಡ್ಜ್‌ನ ಪೈಪ್‌ಲೈನ್ ಒಡೆದು 20 ಸಾವಿರ ಬ್ಯಾರೆಲ್ ಆಸುಪಾಸು ಭಾರದ ಕ್ರೂಡ್ ಕ್ಯಾಲಮಜೂ ನದಿಗೆ ಸೇರಿತು. ಆ ನದಿ ಹೋಗುವುದು ಮಿಶಿಗನ್ ಸರೋವರಕ್ಕೇ. ತೆಳುಗೊಳಿಸಲು ಬೆರೆಸಿದ್ದ ಹಗುರ ಅಂಶ ಹಾರಿಹೋದ ಮೇಲೆ ಉಳಿದ ಬಿಟುಮೆನ್‌ನ ಒಂದಷ್ಟು ತಳಕ್ಕೆ ಮುಳುಗಿತು. ತೇಲುವ ತೈಲಕ್ಕಾಗಿ ಮಾಡಿದ ತಡೆಬೇಲಿಗಳು ಮುಳುಗಿದ್ದನ್ನು ಹಿಡಿಯುವುದಿಲ್ಲ. ನದಿಯ ತಳ ಅಗೆಯಬೇಕಾಯಿತು, ಖರ್ಚು 100 ಕೋಟಿ ಡಾಲರ್ ದಾಟಿತು.

ನಮ್ಮ ಕಡೆಯ ಅಳತೆಗೋಲು

ಮಂಗಳೂರಿನ ಎಂಆರ್‌ಪಿಎಲ್ ವರ್ಷಕ್ಕೆ 1.5 ಕೋಟಿ ಟನ್ ಸಾಮರ್ಥ್ಯದ್ದು, ಕಡಲ ಪಕ್ಕದ್ದು. ಅಲ್ಲಿನ ಬಿಕ್ಕಟ್ಟು ತಿರುಗಾಮುರುಗಾ: ಹೊರಬಿಡುವ ನೀರಿಗಿಂತ ಒಳಗೆ ಬೇಕಾದ ನೀರು. ನೇತ್ರಾವತಿ ಬಡವಾದ 2019ರ ಬೇಸಿಗೆಯಲ್ಲಿ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಆಮೇಲೆ ತಣ್ಣೀರುಬಾವಿಯಲ್ಲಿ ದಿನಕ್ಕೆ 3 ಕೋಟಿ ಲೀಟರ್‌ನ ಸಮುದ್ರದ ನೀರು ಸಿಹಿ ಮಾಡುವ ಘಟಕ ಬಂತು. ಊರಿನ ಸಂಸ್ಕರಿಸಿದ ಒಳಚರಂಡಿ ನೀರನ್ನೂ ರಿಫೈನರಿ ಬಳಸುತ್ತದೆ.

ಭಾರತದ ರಿಫೈನರಿಗಳಿಗೆ ಹೊರಬಿಡುವ ನೀರಿನಲ್ಲಿ ಎಣ್ಣೆ ಲೀಟರಿಗೆ 5 ಮಿಲಿಗ್ರಾಂ, ಅಮೋನಿಯಾ ಸಾರಜನಕ 15 ಮಿಲಿಗ್ರಾಂ, ಪಾದರಸ 0.01 ಮಿಲಿಗ್ರಾಂ ಮಿತಿ ಇದೆ. 0.01 ಮಿಲಿಗ್ರಾಂ ಎಂದರೆ 10,000 ನ್ಯಾನೊಗ್ರಾಂ. ಎರಡು ದೇಶಗಳ ಮಿತಿಗಳ ಉದ್ದೇಶ ಬೇರೆ, ಒಂದು ಪೈಪಿನ ಬಾಯಿಯನ್ನೂ ಇನ್ನೊಂದು ಮೀನು ತಿನ್ನುವ ಕಾಡುಪ್ರಾಣಿ, ಹಕ್ಕಿಗಳನ್ನೂ ನೋಡಿ ಬರೆದದ್ದು. ಆದರೂ ಅಂತರ ಏಳು ಸಾವಿರ ಪಟ್ಟಿಗೂ ಹೆಚ್ಚು ಎಂಬುದನ್ನು ಕೆರೆ, ಜಲಾಶಯಗಳ ಹತ್ತಿರ ಕೈಗಾರಿಕೆಗೆ ಅನುಮತಿ ಕೊಡುವವರು ಗಮನಿಸಲೇಬೇಕು.

ಯಾವುದೇ ಪರವಾನಗಿ ಕೈಗೆ ಬಂದರೆ ಮೊದಲು ನೋಡಬೇಕಾದದ್ದು, ಮಿತಿ ಲೀಟರಿಗೆ ಎಷ್ಟು ಎಂದಿದೆಯೋ ದಿನಕ್ಕೆ ಎಷ್ಟು ಕಿಲೊ ಎಂದಿದೆಯೋ ಎಂದು. ಬರೀ ಮೊದಲನೆಯದಿದ್ದರೆ ಒಳ್ಳೆಯ ನೀರು ಬೆರೆಸಿ ತೆಳು ಮಾಡಿ ಪಾರಾಗಬಹುದು. ತಿಂಗಳ ಸರಾಸರಿ ಮಾತ್ರ ಇದ್ದು ದಿನದ ಗರಿಷ್ಠ ಮಿತಿ ಇಲ್ಲದಿದ್ದರೆ, ಒಂದು ರಾತ್ರಿಯ ಡೀಸಾಲ್ಟರ್ ಅವಘಡ ಕಾಗದದಲ್ಲಿ ಕಾಣುವುದೇ ಇಲ್ಲ. ಮಾದರಿ ಹಿಡಿಯುವ ಬಗೆಯನ್ನೂ ನೋಡಿ: ಅಮೋನಿಯಾಕ್ಕೆ 24 ಗಂಟೆಯ ಸೇರಿಸಿದ ಮಾದರಿ ಸರಿ, ಆದರೆ ಎಣ್ಣೆಗೆ ಅದು ಸಲ್ಲದು, ಏಕೆಂದರೆ ಎಣ್ಣೆ ಕೊಳವೆಗೂ ಸೀಸೆಯ ಗೋಡೆಗೂ ಅಂಟಿಕೊಂಡು ಅಂಕಿ ಕಡಿಮೆ ಬರುತ್ತದೆ, ಅದನ್ನು ನೇರವಾಗಿ ಗಾಜಿನ ಸೀಸೆಯಲ್ಲಿ ಹಿಡಿದು, ಆ ಸೀಸೆಯನ್ನೇ ದ್ರಾವಕದಿಂದ ತೊಳೆದು ಅಳೆಯಬೇಕು. ಪಾದರಸಕ್ಕೆ ಇನ್ನೂ ಕಟ್ಟುನಿಟ್ಟು: ಕೈಗವಸು ಹಾಕಿದ ಇಬ್ಬರು ಬೇಕು, ಒಬ್ಬರು ಸೀಸೆಯನ್ನು ಮಾತ್ರ ಮುಟ್ಟಬೇಕು, ಉಳಿದೆಲ್ಲವನ್ನೂ ಇನ್ನೊಬ್ಬರು. ಸೀಸೆಗೆ ಎರಡು ಪದರ ಚೀಲ, ಜೊತೆಗೆ ಶುದ್ಧ ನೀರು ತುಂಬಿದ ಹೋಲಿಕೆ ಸೀಸೆಯೊಂದು. ಆ ಶುದ್ಧ ನೀರಿನ ಸೀಸೆಯಲ್ಲೂ ಪಾದರಸ ಕಂಡರೆ ಅವತ್ತಿನ ಮಾದರಿಯ ಅಂಕಿಯನ್ನು ನಂಬುವಂತಿಲ್ಲ, ಮತ್ತೆ ಹಿಡಿಯಬೇಕು.